ಮೆರಿತ್‌ಗೆ ಇಟ್ಟ ರೊಟ್ಟಿ

ಇಟಲಿಯ ಟ್ಯೂರಿನ್‌ನಲ್ಲಿ ಈಜಿಪ್ಟಿನದೇ ಒಂದು ದೊಡ್ಡ ಮ್ಯೂಸಿಯಂ ಇದೆ. ಅಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತದ್ದು ರೊಟ್ಟಿಗಳ ಮುಂದೆ. ಕೆಲವು ದುಂಡಗಿವೆ, ಇನ್ನು ಕೆಲವಕ್ಕೆ ಯಾವ ಆಕಾರ ಅಂತ ಹೇಳೋದು ಕಷ್ಟ. ಕಂದು ಬಣ್ಣಕ್ಕೆ ತಿರುಗಿ, ಕಲ್ಲಿನ ಹಾಗೆ ಗಟ್ಟಿಯಾಗಿ ಗಾಜಿನ ಆಚೆ ಕೂತಿದ್ದವು. ಸುಮಾರು 3400 ವರ್ಷದ ಹಿಂದೆ ಯಾರೋ ಹಿಟ್ಟು ಕಲಸಿ, ತಟ್ಟಿ, ಬೇಯಿಸಿ, ತಾವು ತಿನ್ನದೆ ಸತ್ತವರಿಗೆ ಅಂತ ಎತ್ತಿಟ್ಟ ರೊಟ್ಟಿ ಅದು.

ಕಂಪನಿ ಕೆಲಸದ ಮೇಲೆ ಹೋಗಿದ್ದೆ. ಒಂದು ಶನಿವಾರ ಬಿಡುವಿತ್ತು. ಅಪ್ಪ ತೀರಿಕೊಂಡು ಆಗ ಒಂದೂವರೆ ವರ್ಷ. ಸಾವು, ಗೋರಿ, ಮಮ್ಮಿ ಇವನ್ನೆಲ್ಲ ನೋಡೋ ಮನಸ್ಸು ಇರಲಿಲ್ಲ. ಹೊರಗೆ ಮಳೆ ಬರ್ತಿತ್ತು, ಅದಕ್ಕೆ ಒಳಗೆ ಹೋದೆ. ಈಜಿಪ್ಟ್ ಅಂದರೆ ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಪಿರಮಿಡ್ಡು, ಟುಟಾಂಖಾಮನ್‌ನ ಚಿನ್ನದ ಮುಖವಾಡ, ನಾಯಿ ತಲೆಯ ದೇವರು, ಅಷ್ಟೇ. ರಾಜರು ಸತ್ತ ಮೇಲೂ ರಾಜರಾಗಿಯೇ ಇರಬೇಕು ಅಂತ ಕಟ್ಟಿಕೊಂಡ ದೊಡ್ಡಸ್ತಿಕೆ ಅಂತ ತಿಳಿದಿದ್ದೆ. ಆ ರೊಟ್ಟಿ ನೋಡಿದ ಮೇಲೆ ಹಾಗೆ ಅನ್ನಿಸೋದು ನಿಂತುಹೋಯಿತು.

ರೊಟ್ಟಿ ಇಟ್ಟದ್ದು ಖಾ ಮತ್ತು ಮೆರಿತ್ ಎಂಬ ಗಂಡ ಹೆಂಡತಿಗೆ. ಖಾ ರಾಜನಲ್ಲ. ರಾಜರ ಗೋರಿ ಕೊರೆಯುವ ಕೆಲಸದ ಮೇಲ್ವಿಚಾರಕ. ನಮ್ಮ ಮಾತಲ್ಲಿ ಹೇಳೋದಾದರೆ ಮೇಸ್ತ್ರಿ, ಇಲ್ಲಾ ಒಬ್ಬ ದೊಡ್ಡ ಎಂಜಿನಿಯರ್. ಎರಡನೇ ಅಮೆನ್‌ಹೋಟೆಪ್‌ನಿಂದ ಮೂರನೇ ಅಮೆನ್‌ಹೋಟೆಪ್‌ವರೆಗೆ ಮೂರು ರಾಜರ ಕಾಲದಲ್ಲಿ ಕೆಲಸ ಮಾಡಿದವನು. ಅವನ ಊರು ಇವತ್ತಿನ ಲಕ್ಸರ್ ಎದುರಿಗೆ, ನೈಲ್ ನದಿಯ ಪಶ್ಚಿಮ ದಂಡೆಯಲ್ಲಿದೆ. ಈಗ ಅದನ್ನ ದೇರ್ ಎಲ್ ಮದೀನಾ ಅಂತಾರೆ. ಬೆಟ್ಟದ ಸಂದಿಯಲ್ಲಿ ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಎಪ್ಪತ್ತರ ಆಸುಪಾಸು ಮನೆಗಳು. ಕಲ್ಲು ಕುಟ್ಟುವವರು, ಚಿತ್ರ ಬರೆಯುವವರು, ಲೆಕ್ಕ ಬರೆಯುವವರು ಎಲ್ಲ ಅಲ್ಲೇ ಇದ್ದರು. ಹಗಲೆಲ್ಲ ರಾಜರಿಗೆ ಗೋರಿ ಮಾಡೋದು, ಬಿಡುವಿನ ದಿನ ಊರ ಪಕ್ಕದ ಗುಡ್ಡದಲ್ಲಿ ತಮ್ಮ ಗೋರಿ ತಾವೇ ಮಾಡಿಕೊಳ್ಳೋದು.

1906ರ ಫೆಬ್ರುವರಿಯಲ್ಲಿ ಎರ್ನೆಸ್ತೊ ಸ್ಕಿಯಾಪರೆಲ್ಲಿ ಎಂಬ ಇಟಲಿಯ ವಿದ್ವಾಂಸ ಈ ಗೋರಿಯನ್ನ ಪತ್ತೆ ಮಾಡಿದ. ಖಾನ ಪೂಜೆಯ ಗುಡಿ ಒಂದು ಕಡೆ, ಹೆಣ ಇಟ್ಟ ಕೋಣೆಯ ದಾರಿ ಅಲ್ಲಿಂದ ದೂರದಲ್ಲಿ ಎದುರಿನ ಗುಡ್ಡದ ಬುಡದಲ್ಲಿ. ಹಾಗಾಗಿ ಕಳ್ಳರಿಗೆ ಸಿಕ್ಕಿರಲಿಲ್ಲ. ಒಳಗೆ ಎಲ್ಲ ಇಟ್ಟದ್ದು ಇಟ್ಟ ಹಾಗೇ ಇತ್ತು. ಮಂಚ, ಸ್ಟೂಲು, ಪೆಟ್ಟಿಗೆಗಳು, ಎಣ್ಣೆ ಭರಣಿಗಳು, ಉಪ್ಪು ಹಚ್ಚಿದ ಮಾಂಸ, ಖರ್ಜೂರ, ಬೆಳ್ಳುಳ್ಳಿ. ಆಡೋಕೆ ಸೆನೆಟ್ ಎಂಬ ಮಣೆ ಆಟ. ಮೆರಿತ್‌ಳ ಕೂದಲಿನ ಟೋಪನ್, ಅದಕ್ಕೇ ಅಂತ ಮಾಡಿಸಿದ ಎತ್ತರದ ಪೆಟ್ಟಿಗೆಯಲ್ಲಿ. ಅವಳ ಬಾಚಣಿಗೆ, ಕಾಡಿಗೆ ಡಬ್ಬಿ. ಖಾನ ಹತ್ತಾರು ಲಂಗೋಟಿ, ಅಂಗಿಗಳು, ಬಟ್ಟೆ ಮೇಲೆ ಅವನದೇ ಗುರುತು. ಒಗೆಯೋಕೆ ಹಾಕಿದಾಗ ಬೇರೆಯವರ ಬಟ್ಟೆ ಜೊತೆ ಕಲಸಿಹೋಗಬಾರದಲ್ವಾ, ಅದಕ್ಕೆ. ಸತ್ತ ಮೇಲೂ ಆ ಗುರುತಿನ ಬಟ್ಟೆಯನ್ನೇ ಮಡಚಿ ಇಟ್ಟರು.

ಒಂದು ಕಡೆ ಅವನ ರೇಜರುಗಳೂ ಇದ್ದವು. ಅಲ್ಲಿ ನನಗೆ ಗಂಟಲು ಕಟ್ಟಿತು.

ಕಾರಣ ಇದೆ. ನಮ್ಮದು ಮಂಡ್ಯ ಕಡೆ. ಪಿತೃಪಕ್ಷದಲ್ಲಿ ನಮ್ಮಲ್ಲಿ ಮಾರ್ಲಾಮಿ ಹಬ್ಬ ಅಂತ ಮಾಡ್ತೀವಿ. ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಎಲ್ಲ ಮಾಡಿ ಎಡೆ ಇಡೋದು. ಅಪ್ಪ ಹೋದ ಮೇಲಿನ ಮೊದಲ ಮಾರ್ಲಾಮಿಗೆ ಮುದ್ದೆ, ಮಟನ್ ಸಾರು, ವಡೆ, ಎಲೆ ಅಡಿಕೆ, ಬೀಡಿ ಕಟ್ಟು, ಬೆಂಕಿಪೊಟ್ಟಣ, ಪಂಚೆ, ಟವಲ್ಲು ಎಲ್ಲ ಇಟ್ಟಿದ್ದೆವು. ಕೊನೆಗೆ ಅವ್ವ ಒಳಗಿಂದ ಅಪ್ಪನ ಶೇವಿಂಗ್ ಸೆಟ್ ತಂದಳು. ಇಡೋ ಮುಂಚೆ ನನ್ನ ಕೈಗೆ ಕೊಟ್ಟು, "ಹೊಸ ಬ್ಲೇಡು ಹಾಕಿ ಮಡಗು ಕಣೋ. ನಿಮ್ಮಪ್ಪಂಗೆ ಹಳೇದು ಆಯ್ತಿರ್ಲಿಲ್ಲ" ಅಂದಳು. ನಾನು ಅಂಗಡಿಗೆ ಹೋಗಿ ಬ್ಲೇಡು ತಂದೆ. ಅದನ್ನ ಹಾಕೋವಾಗ ಇದನ್ನ ಯಾರು ಬಳಸ್ತಾರೆ ಅಂತ ನಾನೂ ಕೇಳಲಿಲ್ಲ, ಅವ್ವನೂ ಹೇಳಲಿಲ್ಲ.

ಈಜಿಪ್ಟಿನವರಿಗೆ ಈ ಪ್ರಶ್ನೆಗೆ ಉತ್ತರ ಇತ್ತು. ಮನುಷ್ಯ ಅಂದರೆ ಒಂದೇ ಸಾಮಾನಲ್ಲ, ಹಲವು ಸೇರಿ ಆದವನು ಅಂತ ಅವರು ನಂಬಿದ್ದರು. ಮೈ, ಹೆಸರು, ನೆರಳು, ಹೃದಯ, ಇವುಗಳ ಜೊತೆಗೆ 'ಕಾ' ಮತ್ತು 'ಬಾ'. ಕಾ ಅಂದರೆ ಬದುಕಿನ ಕಸುವು. ಟಗರಿನ ತಲೆಯ ಖ್ನುಮ್ ದೇವರು ಕುಂಬಾರನ ತಿಗರಿಯ ಮೇಲೆ ಮಗುವನ್ನ ಮಾಡುವಾಗ ಅದರ ಕಾವನ್ನೂ ಜೊತೆಗೇ ಮಾಡುತ್ತಾನೆ. ಬಾ ಅಂದರೆ ಮನುಷ್ಯನ ಮುಖ ಇರುವ ಹಕ್ಕಿ. ಹಗಲು ಗೋರಿಯಿಂದ ಹಾರಿ ಹೊರಗೆ ಬಿಸಿಲು, ಗಾಳಿ, ನೀರು ನೋಡಿಕೊಂಡು ಬಂದು ರಾತ್ರಿ ಮತ್ತೆ ಮೈಗೆ ಸೇರಿಕೊಳ್ಳುತ್ತೆ. ಅದಕ್ಕೇ ಮೈ ಕೆಡದೆ ಇರಬೇಕು. ಇಲ್ಲದಿದ್ದರೆ ಹಕ್ಕಿ ಎಲ್ಲಿಗೆ ಬರಬೇಕು?

ಹಸಿವಾಗೋದು ಕಾವಿಗೆ. ರೊಟ್ಟಿ, ಬಿಯರು, ಮಾಂಸ ಎಲ್ಲ ಅದಕ್ಕೆ. ಅವುಗಳ ಸಾರವನ್ನಷ್ಟೇ ಕಾ ತೆಗೆದುಕೊಳ್ಳುತ್ತೆ, ಪದಾರ್ಥ ಅಲ್ಲೇ ಉಳಿಯುತ್ತೆ. ಕುಡಿಯೋಕೆ, ತಿನ್ನೋಕೆ ಕೊಡುವಾಗ ಅವರು ಹೇಳುತ್ತಿದ್ದ ಮಾತು "ನಿನ್ನ ಕಾಗೆ" ಅಂತ. ಇದನ್ನ ಮೊದಲ ಸಲ ಕನ್ನಡದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡಾಗ ಮೈ ಜುಮ್ಮೆಂದಿತು. ಎಡೆ ಇಟ್ಟು ಮನೆ ಮೇಲೆ ನಿಂತು ಕಾಗೆಗೆ ಕಾಯೋ ನಮಗೆ ಆ ಪದ ಬೇರೆಯೇ ಕೇಳಿಸುತ್ತೆ. ಎರಡು ಭಾಷೆಗೂ ಏನೂ ಸಂಬಂಧ ಇಲ್ಲ, ಇದು ಬರೀ ಕಾಕತಾಳೀಯ. ಗೊತ್ತಿದೆ. ಆದರೂ ಬರೆಯದೆ ಇರೋಕೆ ಆಗಲಿಲ್ಲ.

ಮೈ ಕೆಡದ ಹಾಗೆ ಕಾಪಾಡುವ ಕೆಲಸಕ್ಕೆ 70 ದಿನ ಹಿಡಿಯುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೋಗೋದು ಒಣಗಿಸೋಕೆ. ನೇಟ್ರನ್ ಎಂಬ ಉಪ್ಪಿನಂಥ ಪುಡಿಯಲ್ಲಿ ಹೂತಿಟ್ಟು ಒಣಗಿಸುತ್ತಿದ್ದರು. ಸೌತೆಕಾಯಿಗೆ ಉಪ್ಪು ಹಾಕಿದರೆ ನೀರು ಬಿಡುತ್ತಲ್ಲ, ಅದೇ ಲೆಕ್ಕ. ಕರುಳು, ಪಿತ್ತಜನಕಾಂಗ, ಶ್ವಾಸಕೋಶ, ಹೊಟ್ಟೆ ಇವನ್ನ ತೆಗೆದು ಬೇರೆ ಬೇರೆ ಭರಣಿಯಲ್ಲಿಟ್ಟು, ಹೋರಸ್ ದೇವರ ನಾಲ್ವರು ಮಕ್ಕಳ ಕಾವಲಿಗೆ ಬಿಡುತ್ತಿದ್ದರು. ಮೆದುಳನ್ನ ಮೂಗಿನಿಂದ ಎಳೆದು ಬಿಸಾಕುತ್ತಿದ್ದರು. ಹೃದಯವನ್ನ ಮಾತ್ರ ಮೈಯಲ್ಲೇ ಬಿಡಬೇಕು. ಯೋಚನೆ, ನೆನಪು, ಬುದ್ಧಿ ಎಲ್ಲ ಇರೋದು ಅದರಲ್ಲೇ ಅಂತ ಅವರ ನಂಬಿಕೆ. ಆಮೇಲೆ ಮಾರುಗಟ್ಟಲೆ ನಾರುಬಟ್ಟೆ ಸುತ್ತೋದು. ಎಷ್ಟೋ ಸಲ ಅದು ಮನೆಯಲ್ಲಿ ಬಳಸಿ ಹಳೆಯದಾದ ಹೊದಿಕೆಯನ್ನೇ ಹರಿದು ಮಾಡಿದ ಪಟ್ಟಿ. ಹೀಗೆಲ್ಲ ಹೇಳಿದರೂ ಎಲ್ಲರಿಗೂ ಒಂದೇ ರೀತಿ ಮಾಡುತ್ತಿರಲಿಲ್ಲ. ಖಾ, ಮೆರಿತ್ ಇಬ್ಬರ ಸುತ್ತು ಬಟ್ಟೆಯನ್ನೂ ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ. ಎಕ್ಸ್‌ರೇ, ಸ್ಕ್ಯಾನಿನಲ್ಲಿ ನೋಡಿದರೆ ಒಳಗಿನ ಅಂಗಾಂಗ ತೆಗೆದೇ ಇಲ್ಲ. ಮೈಮೇಲಿನ ಒಡವೆಗಳೂ ಹಾಗೇ ಇವೆ.

ಈ ಕೆಲಸದ ದೇವರು ಅನುಬಿಸ್. ನರಿ ತಲೆ, ಮನುಷ್ಯನ ಮೈ. ಮರಳುಗಾಡಿನ ಅಂಚಲ್ಲಿ ಹೂತ ಹೆಣಗಳನ್ನ ನರಿಗಳು ಕೆದಕುತ್ತಿದ್ದವು, ಅದಕ್ಕೇ ಆ ಪ್ರಾಣಿಯನ್ನೇ ಹೆಣದ ಕಾವಲುಗಾರ ಮಾಡಿಕೊಂಡರು ಅಂತ ತಿಳಿದವರು ವಿವರಿಸುತ್ತಾರೆ. ನನಗೆ ಇದು ತುಂಬಾ ಹಿಡಿಸಿತು. ಯಾವುದನ್ನ ಕಂಡರೆ ಭಯವೋ ಅದರ ಕೈಗೇ ಕೀಲಿಕೈ ಕೊಟ್ಟುಬಿಡೋದು. ದೇರ್ ಎಲ್ ಮದೀನಾದವರು ತಮ್ಮ ತಲೆ ಮೇಲಿನ ಬೆಟ್ಟಕ್ಕೂ ಹಾಗೇ ಮಾಡಿದ್ದರು. ಹಾವುಗಳಿದ್ದ ಆ ಶಿಖರವನ್ನ ಮೆರೆತ್‌ಸೆಗೆರ್ ಅಂತ ದೇವತೆ ಮಾಡಿ, ನಾಗರ ರೂಪದಲ್ಲಿ ಪೂಜಿಸಿದರು. ಆ ಹೆಸರಿನ ಅರ್ಥ 'ಮೌನವನ್ನು ಪ್ರೀತಿಸುವವಳು'. ರಾಜರನ್ನ ಹೂತ ಕಣಿವೆಯ ಮೇಲೆ ಕೂತ ದೇವತೆಗೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ತೋಚುತ್ತಿಲ್ಲ.

ಇವರೆಲ್ಲರ ಯಜಮಾನ ಒಸಿರಿಸ್. ತಮ್ಮ ಸೇಥ್ ಅವನನ್ನ ಕೊಂದು, ಮೈಯನ್ನ ತುಂಡು ಮಾಡಿ ದೇಶದ ತುಂಬ ಎಸೆದ. ಹೆಂಡತಿ ಇಸಿಸ್ ತಂಗಿಯ ಜೊತೆ ಊರೂರು ಅಲೆದು ಒಂದೊಂದೇ ತುಂಡು ಹುಡುಕಿ, ಜೋಡಿಸಿ, ಸುತ್ತಿ, ಅವನಿಗೆ ಮತ್ತೆ ಉಸಿರು ಬರಿಸಿದಳು. ಅವನು ಭೂಮಿಗೆ ವಾಪಸ್ ಬರಲಿಲ್ಲ. ಸತ್ತವರ ಲೋಕದ ರಾಜನಾದ. ಚಿತ್ರಗಳಲ್ಲಿ ಅವನ ಮೈ ಬಣ್ಣ ಹಸಿರು, ಇಲ್ಲಾ ಕಪ್ಪು. ಕಪ್ಪು ಅಂದರೆ ನೈಲ್ ಪ್ರವಾಹ ಇಳಿದ ಮೇಲೆ ಉಳಿಯುವ ಮೆಕ್ಕಲು ಮಣ್ಣು, ಹಸಿರು ಅಂದರೆ ಅದರಲ್ಲಿ ಬರುವ ಪೈರು. ಕೆಲವು ಗೋರಿಗಳಲ್ಲಿ ಒಸಿರಿಸ್‌ನ ಆಕಾರದ ಮರದ ಚೌಕಟ್ಟಿಗೆ ಮಣ್ಣು ತುಂಬಿ, ಬಾರ್ಲಿ ಬಿತ್ತಿ, ಮೊಳಕೆ ಬರಿಸಿ ಇಟ್ಟಿದ್ದರು. ಟುಟಾಂಖಾಮನ್‌ನ ಗೋರಿಯಲ್ಲೂ ಒಂದು ಸಿಕ್ಕಿದೆ. ಕತ್ತಲೆ ಕೋಣೆಯಲ್ಲಿ ಒಂದು ಬೆರಳುದ್ದ ಬೆಳೆದು ಒಣಗಿದ ಪೈರು.

ಒಸಿರಿಸ್ ಮುಂದೆ ಹೋಗೋದು ಸುಲಭ ಅಲ್ಲ. ಮೊದಲು 42 ದೇವರ ಎದುರು ನಿಂತು, ಒಬ್ಬೊಬ್ಬರ ಹೆಸರು ಹಿಡಿದು ಕರೆದು, ನಾನು ಇಂಥದ್ದು ಮಾಡಲಿಲ್ಲ ಅಂತ ಹೇಳಬೇಕು. ಕೊಲ್ಲಲಿಲ್ಲ, ಕದಿಯಲಿಲ್ಲ ಅನ್ನೋದೆಲ್ಲ ಇದ್ದೇ ಇದೆ. ಅವುಗಳ ಜೊತೆ ಸಣ್ಣ ಸಣ್ಣ ಮಾತುಗಳೂ ಇವೆ. ನಾನು ಯಾರನ್ನೂ ಅಳಿಸಲಿಲ್ಲ. ಮಗುವಿನ ಬಾಯಿಂದ ಹಾಲು ಕಿತ್ತುಕೊಳ್ಳಲಿಲ್ಲ. ತೂಕದಲ್ಲಿ ಮೋಸ ಮಾಡಲಿಲ್ಲ. ಹರಿಯೋ ನೀರಿಗೆ ಅಡ್ಡ ಕಟ್ಟೆ ಹಾಕಲಿಲ್ಲ. ನಾಲೆ ನೀರಿಗೆ ಅಣ್ಣತಮ್ಮಂದಿರೇ ರಾತ್ರಿ ಹಾರೆ ಹಿಡಿದು ನಿಲ್ಲೋದನ್ನ ನೋಡಿ ಬೆಳೆದವನು ನಾನು. ಆ ಕೊನೇ ಮಾತನ್ನ ಬರೆದವರು ಗದ್ದೆ ಬಯಲಿನ ಜನವೇ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ತಕ್ಕಡಿ. ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಮಾತ್ ದೇವಿಯ ಗರಿ. ಮಾತ್ ಅಂದರೆ ಸತ್ಯ, ನ್ಯಾಯ, ಲೋಕ ನಡೆಯಬೇಕಾದ ಸರಿಯಾದ ರೀತಿ. ಅನುಬಿಸ್ ತಕ್ಕಡಿ ಸರಿ ಮಾಡುತ್ತಾನೆ, ಬರವಣಿಗೆಯ ದೇವರು ಥೋತ್ ಬರೆದುಕೊಳ್ಳುತ್ತಾನೆ. ಪಕ್ಕದಲ್ಲಿ ಅಮ್ಮಿತ್ ಕಾದು ಕೂತಿರುತ್ತಾಳೆ. ಮೊಸಳೆ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ಹೃದಯ ಭಾರವಾದರೆ ಅವಳು ನುಂಗಿಬಿಡುತ್ತಾಳೆ. ಅಲ್ಲಿಗೆ ಮುಗೀತು. ನರಕದಲ್ಲಿ ಕಾಲಕಾಲಕ್ಕೆ ಕುದಿಯೋದೂ ಇಲ್ಲ, ಇನ್ನೊಂದು ಜನ್ಮವೂ ಇಲ್ಲ. ಮನುಷ್ಯ ಇಲ್ಲವಾಗುತ್ತಾನೆ. ಅವರಿಗೆ ಅದಕ್ಕಿಂತ ದೊಡ್ಡ ಭಯ ಇರಲಿಲ್ಲ.

ಈ ಸಂದರ್ಭಕ್ಕೆ ಅಂತಲೇ ಒಂದು ಮಂತ್ರ ಇದೆ. ಜೀರುಂಡೆ ಆಕಾರದ ಕಲ್ಲಿನ ಮೇಲೆ ಕೆತ್ತಿ ಮಮ್ಮಿಯ ಎದೆ ಮೇಲೆ ಇಡುತ್ತಿದ್ದರು. ಅದರ ಸಾರ ಹೀಗಿದೆ: ತಾಯಿಯಿಂದ ನನಗೆ ಬಂದ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳೋಕೆ ನಿಲ್ಲಬೇಡ, ತಕ್ಕಡಿ ಹಿಡಿದವನ ಮುಂದೆ ನನಗೆ ಎದುರಾಡಬೇಡ. ಖಾನ ಎದೆ ಮೇಲೂ ಅಂಥದ್ದೊಂದು ಜೀರುಂಡೆ ಇದೆ. 42 ದೇವರ ಮುಂದೆ ಏನು ಬೇಕಾದರೂ ಹೇಳಿಬಿಡಬಹುದು. ಎದೆಯೊಳಗೆ ಇರೋದಕ್ಕೆ ಎಲ್ಲ ಗೊತ್ತು. ಅದರ ಹತ್ತಿರ ಮಾತ್ರ ಬೇಡಿಕೊಳ್ಳಬೇಕು, ಅದೂ ತಾಯಿಯ ಹೆಸರು ಹಿಡಿದು. ಇದನ್ನ ಮೋಸದ ಮಂತ್ರ ಅಂತ ಕೆಲವರು ಅಂತಾರೆ. ನಾನು ಒಪ್ಪಲ್ಲ. ಹೆದರಿದವನು ಆಡೋ ಮಾತು ಅದು. ಐಸಿಯು ಹೊರಗೆ ಕೂತು ನಾನೂ ಏನೇನೋ ಬೇಡಿಕೊಂಡಿದ್ದೇನೆ.

ಇಷ್ಟೆಲ್ಲ ನಂಬಿದವರಿಗೆ ಅನುಮಾನ ಇರಲಿಲ್ಲವಾ? ಇತ್ತು. ಗೋರಿಯ ಗೋಡೆಯಲ್ಲೇ ಬರೆಸಿಕೊಂಡಿದ್ದಾರೆ. ಕುರುಡ ಹಾರ್ಪ್ ವಾದಕ ಹಾಡುವ ಚಿತ್ರ, ಅದರ ಜೊತೆ ಹಾಡು. ಇಂತೆಫ್ ಎಂಬ ರಾಜನ ಗೋರಿಯದು ಅಂತ ಹೇಳುವ ಹಾಡೊಂದರ ಮಾತು ಹೀಗೆ ಬರುತ್ತೆ. ಹಿಂದೆ ದೊಡ್ಡ ದೊಡ್ಡ ಗೋರಿ ಕಟ್ಟಿದವರ ಗೋಡೆಗಳೇ ಬಿದ್ದುಹೋದವು. ಅಲ್ಲಿಂದ ವಾಪಸ್ ಬಂದು ಹೇಗಿದ್ದೇವೆ, ಏನು ಬೇಕು ಅಂತ ಹೇಳಿದವರು ಯಾರೂ ಇಲ್ಲ. ತನ್ನ ಆಸ್ತಿ ಜೊತೆಗೆ ತೆಗೆದುಕೊಂಡು ಹೋದವನೂ ಇಲ್ಲ. ಹಾಗಾಗಿ ಬದುಕಿರೋವಾಗ ಸಂತೋಷವಾಗಿರು. ಒಂದು ಕೈಯಲ್ಲಿ ರೊಟ್ಟಿ ಇಡೋದು, ಇನ್ನೊಂದು ಕೈಯಲ್ಲಿ ಈ ಹಾಡು ಬರೆಯೋದು. ಎರಡನ್ನೂ ಅವರು ಒಟ್ಟಿಗೇ ಮಾಡಿದರು. ನನಗೆ ಇದರಲ್ಲಿ ತಪ್ಪು ಕಾಣಲ್ಲ. ಹೊಸ ಬ್ಲೇಡು ಹಾಕೋವಾಗ ನನ್ನ ತಲೆಯೊಳಗೂ ಎರಡೂ ಇದ್ದವು.

ಕೆಲಸಗಾರರ ಆ ಊರಿನಿಂದ ಸಿಕ್ಕ ಒಂದು ಕಲ್ಲಿನ ಹಲಗೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಎರಡನೇ ರಾಮ್ಸೆಸ್ ಆಳ್ವಿಕೆಯ 40ನೇ ವರ್ಷದ ಹಾಜರಿ ಪುಸ್ತಕ ಅದು. ಬಲಕ್ಕೆ ಆಳಿನ ಹೆಸರು, ಮುಂದೆ ಬಾರದ ದಿನಗಳು, ಅದರ ಮೇಲೆ ಕೆಂಪು ಶಾಯಿಯಲ್ಲಿ ಕಾರಣ. ಹುಷಾರಿಲ್ಲ, ಚೇಳು ಕಚ್ಚಿದೆ, ಬಿಯರ್ ಮಾಡುತ್ತಿದ್ದಾನೆ ಅಂತೆಲ್ಲ ಇದೆ. ನಡುನಡುವೆ ತಾಯಿಯ ಹೆಣ ಸುತ್ತುತ್ತಿದ್ದಾನೆ, ಸತ್ತವರಿಗೆ ನೀರು ಬಿಡೋಕೆ ಹೋಗಿದ್ದಾನೆ ಅಂತಲೂ ಬರುತ್ತೆ. ನಾನು ಅಪ್ಪನ ಹಾಲು-ತುಪ್ಪಕ್ಕೆ ರಜೆ ಹಾಕುವಾಗ ಕಂಪ್ಯೂಟರಿನಲ್ಲಿ ಕಾರಣ ಬರೆಯೋ ಜಾಗ ಇತ್ತು. ತುಂಬಾ ಹೊತ್ತು ಏನೂ ಬರೆಯೋಕೆ ಆಗಿರಲಿಲ್ಲ. ಆ ಗುಮಾಸ್ತ ಎರಡೇ ಪದದಲ್ಲಿ ಬರೆದು ಮುಂದಿನ ಹೆಸರಿಗೆ ಹೋಗಿದ್ದಾನೆ.

ಸತ್ತವರಿಗೆ ಅವರು ಕಾಗದವನ್ನೂ ಬರೆಯುತ್ತಿದ್ದರು. ಎಡೆ ಇಡೋ ಬಟ್ಟಲಿನ ಒಳಗೇ ಬರೆದು ಗೋರಿಯ ಹತ್ತಿರ ಇಡೋದು. ಊಟ ಮಾಡಿದ ಮೇಲೆ ಅಕ್ಷರ ಕಾಣಬೇಕಲ್ವಾ. ಹೆಚ್ಚಿನವು ದೂರುಗಳೇ. ನಮ್ಮ ಆಸ್ತಿ ಕಿತ್ತುಕೊಂಡಿದ್ದಾರೆ, ನೀನು ಅಲ್ಲಿ ಹೇಳಿ ಏನಾದರೂ ಮಾಡಿಸು ಅಂತ. ಹಾಲೆಂಡಿನ ಲೈಡನ್‌ನಲ್ಲಿ ಒಂದು ಪಪೈರಸ್ ಕಾಗದ ಇದೆ. ಒಬ್ಬ ಗಂಡ ಸತ್ತ ಹೆಂಡತಿ ಅಂಖಿರಿಗೆ ಬರೆದದ್ದು. ತನಗೆ ಬಂದ ಕಷ್ಟಕ್ಕೆಲ್ಲ ಅವಳ ಸಿಟ್ಟೇ ಕಾರಣ ಅಂತ ಅವನು ನಂಬಿದ್ದಾನೆ. ನಾನು ನಿನಗೆ ಏನು ಕೆಟ್ಟದ್ದು ಮಾಡಿದೆ ಹೇಳು ಅಂತ ಶುರು ಮಾಡುತ್ತಾನೆ. ಹುಡುಗನಾಗಿದ್ದಾಗಲೇ ನಿನ್ನನ್ನ ಮದುವೆಯಾದೆ. ದೊಡ್ಡ ಹುದ್ದೆ ಬಂದಾಗಲೂ ಬಿಡಲಿಲ್ಲ. ಕಾಯಿಲೆ ಬಿದ್ದಾಗ ವೈದ್ಯನನ್ನ ಕರೆಸಿದೆ. ನೀನು ಹೋದಾಗ ನಾನು ರಾಜನ ಜೊತೆ ದೂರದಲ್ಲಿದ್ದೆ. ತಿಂಗಳುಗಟ್ಟಲೆ ಸರಿಯಾಗಿ ಉಣ್ಣಲಿಲ್ಲ, ಕುಡಿಯಲಿಲ್ಲ. ಬಂದು ಮನೆ ಮುಂದೆ ಎಲ್ಲರ ಜೊತೆ ಅತ್ತೆ. ನಿನ್ನನ್ನ ಸುತ್ತೋಕೆ ಒಳ್ಳೆ ಬಟ್ಟೆ ಕೊಟ್ಟೆ. ಮೂರು ವರ್ಷ ಆಯಿತು, ಒಂಟಿಯಾಗಿದ್ದೇನೆ, ಬೇರೆ ಮನೆ ಹೊಕ್ಕಿಲ್ಲ. ಕಾಗದದ ತುಂಬ ಜಗಳ. ಆದರೆ ಜಗಳಕ್ಕೆ ಬಿದ್ದು ಅವಳ ಕಾಯಿಲೆ, ಅವಳ ಸಾವು, ಅವತ್ತಿನ ಅಳು ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಿಬಿಟ್ಟಿದ್ದಾನೆ.

ಎಷ್ಟು ವರ್ಷ ಅಂತ ಮಕ್ಕಳು ಎಡೆ ಇಟ್ಟಾರು? ಇದು ಅವರಿಗೂ ಗೊತ್ತಿತ್ತು. ಮೊಮ್ಮಕ್ಕಳು ಬರ್ತಾರೆ, ಮರಿಮಕ್ಕಳು ಬರಲ್ಲ. ನನ್ನ ಮಾತೇ ನೋಡಿ, ತಾತನ ಹೆಸರು ಗೊತ್ತು, ಮುತ್ತಾತನ ಹೆಸರು ಅವ್ವನನ್ನ ಕೇಳಿದರೆ ಹೇಳ್ತಾಳೆ. ಅದರ ಹಿಂದೆ ಯಾರಿಗೂ ಗೊತ್ತಿಲ್ಲ. ಅದಕ್ಕೇ ಅವರು ಗೋರಿಯ ಕಲ್ಲಿನ ಮೇಲೆ, ದಾರಿಯಲ್ಲಿ ಹೋಗೋ ಗುರುತಿಲ್ಲದವರಿಗೆ ಮನವಿ ಕೆತ್ತಿಸಿದರು. ಭೂಮಿಯ ಮೇಲೆ ಬದುಕಿರುವವರೇ, ಈ ಗೋರಿ ದಾಟಿ ಹೋಗುವವರೇ, ಸಾವಿರ ರೊಟ್ಟಿ, ಸಾವಿರ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ ಇಂಥವನ ಕಾಗೆ ಅಂತ ಬಾಯಲ್ಲಿ ಹೇಳಿ. ಅದಕ್ಕೆ ಬೇಕಾಗಿರೋದು ಬಾಯಿಯ ಉಸಿರು ಅಷ್ಟೇ, ನಿಮಗೇನೂ ದಣಿವಾಗಲ್ಲ. ಮಾತು ಆಡಿದರೆ ಸಾಕು, ಅಲ್ಲಿ ರೊಟ್ಟಿ ಆಗುತ್ತೆ ಅಂತ ನಂಬಿಕೆ.

ಮೆರಿತ್ ವಿಷಯ ಹೇಳಿ ಮುಗಿಸ್ತೀನಿ. ಅವಳು ಖಾಗಿಂತ ಮೊದಲೇ, ಚಿಕ್ಕ ವಯಸ್ಸಿಗೆ ತೀರಿಕೊಂಡಳು. ಅವಳಿಗೆ ಶವಪೆಟ್ಟಿಗೆ ಇನ್ನೂ ತಯಾರಾಗಿರಲಿಲ್ಲ ಅಂತ ಕಾಣುತ್ತೆ. ಖಾ ತನಗೆ ಅಂತ ಮಾಡಿಸಿಕೊಂಡಿದ್ದ ಪೆಟ್ಟಿಗೆಯಲ್ಲೇ ಅವಳನ್ನ ಮಲಗಿಸಿದ. ಪೆಟ್ಟಿಗೆಯ ಮೇಲೆ ಇವತ್ತಿಗೂ ಇರೋದು ಅವನ ಹೆಸರು. ಅವಳ ಮೈ ಚಿಕ್ಕದು, ಪೆಟ್ಟಿಗೆ ದೊಡ್ಡದು. ಸುತ್ತಲೂ ಉಳಿದ ಜಾಗಕ್ಕೆ ಬಟ್ಟೆ ಮಡಚಿ ಮಡಚಿ ತುಂಬಿದರು, ಅವಳು ಅಲ್ಲಾಡದ ಹಾಗೆ. ಆಮೇಲೆ ಖಾ ವರ್ಷಗಟ್ಟಲೆ ಬದುಕಿದ, ರಾಜರ ಗೋರಿ ಕೊರೆಸಿದ, ಕೊನೆಗೆ ಬೇರೆ ಪೆಟ್ಟಿಗೆಯಲ್ಲಿ ಬಂದು ಅವಳ ಕೋಣೆಗೇ ಸೇರಿದ. ಅವನ ಜೊತೆ ಇಟ್ಟ ಸುಮಾರು 14 ಮೀಟರ್ ಉದ್ದದ ಪಪೈರಸ್ ಸುರುಳಿಯಲ್ಲಿ ಇಬ್ಬರೂ ಒಸಿರಿಸ್ ಮುಂದೆ ಒಟ್ಟಿಗೇ ನಿಂತಿದ್ದಾರೆ.

ಈಜಿಪ್ಟಿನ ಗೋರಿ, ಗುಡಿಗಳ ಗೋಡೆಯಲ್ಲಿ ಒಂದು ಶಾಸ್ತ್ರದ ಚಿತ್ರ ಬರುತ್ತೆ. ಎಲ್ಲ ಮುಗಿದ ಮೇಲೆ ಪುರೋಹಿತ ಹೊರಗೆ ಬರುತ್ತಾ ಕೈಯಲ್ಲಿರೋ ಪೊರಕೆಯನ್ನ ನೆಲದ ಮೇಲೆ ಎಳೆದುಕೊಂಡು ಬರುತ್ತಾನೆ. ಒಳಗೆ ಬಂದವರ ಹೆಜ್ಜೆ ಗುರುತು ಉಳಿಯಬಾರದು ಅಂತ. ಖಾನನ್ನ ಒಳಗಿಟ್ಟ ದಿನವೂ ಹಾಗೇ ಮಾಡಿರಬೇಕು ಅಂತ ನಾನು ಅಂದುಕೊಳ್ತೀನಿ. ಮಂಚದ ಮೇಲೆ ಹಾಸಿಗೆ ಸರಿ ಮಾಡಿ, ರೊಟ್ಟಿ ಜೋಡಿಸಿ, ರೇಜರ್ ಚೀಲ ಜಾಗದಲ್ಲಿಟ್ಟು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ನೆಲ ಗುಡಿಸಿಕೊಂಡು ಬಂದು, ಕೋಣೆಯ ಮರದ ಬಾಗಿಲು ಎಳೆದು ಅಗುಳಿ ಹಾಕಿರಬೇಕು.